ಹಲ್ಲು ಬಿಳುಪಾಗಿಸುವ ಜೆಲ್: ಔಷಧದ ತೀಕ್ಷ್ಣತೆಗಿಂತ ಟ್ರೇಯ ಅಳತೆ ಮುಖ್ಯ

ದಂತವೈದ್ಯರ ಸಲಹೆಯ ಮೇರೆಗೆ, ಅವರವರ ಹಲ್ಲಿನ ಅಚ್ಚಿಗೆ ಸರಿಹೊಂದುವಂತೆ ಮಾಡಿಸಿದ ಟ್ರೇಯಲ್ಲಿ ಹಾಕಿಕೊಂಡು ರಾತ್ರಿ ಮಲಗುವ ಶೇ 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಈ ವಿಮರ್ಶೆಯ ವಿಷಯ. ನಾನು ಬಳಸಿದ್ದು ಅಮೆರಿಕದ ಯೂಟಾ ರಾಜ್ಯದ ಅಲ್ಟ್ರಾಡೆಂಟ್ ಕಂಪನಿ ತಯಾರಿಸುವ ಓಪಲೆಸೆನ್ಸ್ ಪಿಎಫ್. ಆಸ್ಟ್ರೇಲಿಯಾದ ಎಸ್‌ಡಿಐ ಕಂಪನಿಯ ಪೋಲಾ ನೈಟ್ ಕೂಡ ಇದೇ ಬಗೆಯದು, ಇದೇ ಪ್ರಮಾಣದಲ್ಲಿ ದೊರೆಯುತ್ತದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ಆರೋಗ್ಯವಂತ ಹಲ್ಲು ವಯಸ್ಸಿನಿಂದಲೋ ಆಹಾರದಿಂದಲೋ ಹಳದಿಯಾಗಿದ್ದರೆ ಇದಕ್ಕಿಂತ ನಂಬಿಕೆಗೆ ಅರ್ಹವಾದ, ಹಣಕ್ಕೆ ತಕ್ಕ ಫಲ ಕೊಡುವ ಇನ್ನೊಂದು ಉಪಾಯ ಮನೆಯಲ್ಲಿ ಬಳಸಲು ಸಿಗುವುದಿಲ್ಲ. ಆದರೆ ಆ ಫಲದ ಹೆಚ್ಚಿನ ಪಾಲು ಸಿರಿಂಜಿನೊಳಗಿನ ಜೆಲ್‌ಗೆ ಸಲ್ಲುವುದಲ್ಲ. ಅದನ್ನು ಹಿಡಿದಿಡುವ ಟ್ರೇಗೂ ಅದಕ್ಕೂ ಮೊದಲು ನಡೆಯುವ ತಪಾಸಣೆಗೂ ಸಲ್ಲುತ್ತದೆ. ಅಂಗಡಿಯಲ್ಲಿ ಮತ್ತು ಆನ್‌ಲೈನ್‌ನಲ್ಲಿ ಮಾರುವವರು ಬಿಟ್ಟುಬಿಡುವುದು ಈ ಎರಡನ್ನೇ.

ಹಲ್ಲಿನ ಹಳದಿ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯದೆ ಜೆಲ್ ಕೊಳ್ಳಬಾರದು. ಹೊರಗಿನ ಎನಾಮೆಲ್ ಪದರ ಬೆಳಕನ್ನು ಒಳಗೆ ಬಿಡುವಂಥದ್ದು. ಅದರ ಕೆಳಗಿರುವ ಡೆಂಟಿನ್ ಸ್ವಭಾವದಿಂದಲೇ ಹಳದಿ. ವಯಸ್ಸಾದಂತೆ ಎನಾಮೆಲ್ ಸವೆದು ತೆಳುವಾಗುತ್ತದೆ, ಡೆಂಟಿನ್ ದಪ್ಪವಾಗುತ್ತಾ ಬಣ್ಣದಲ್ಲಿ ಗಾಢವಾಗುತ್ತದೆ. ಆದ್ದರಿಂದ ದಿನಕ್ಕೆರಡು ಬಾರಿ ತಪ್ಪದೆ ಹಲ್ಲುಜ್ಜುವವರ ಹಲ್ಲೂ ನಡುವಯಸ್ಸು ದಾಟುವ ಹೊತ್ತಿಗೆ ಹಳದಿಯಾಗುತ್ತದೆ, ಅದು ಅಶುಚಿಯ ಗುರುತಲ್ಲ. ಕಾಫಿ, ಚಹಾ, ಎಲೆ ಅಡಿಕೆ, ಬೀಡಿ, ಸಿಗರೇಟುಗಳ ಕಲೆಯ ಕಥೆ ಬೇರೆ. ಅದರಲ್ಲಿ ಬಹುಪಾಲು ಹಲ್ಲಿನ ಮೇಲೆ ಮತ್ತು ಹಲ್ಲಿಗಂಟಿದ ಕಿಟ್ಟದ ಮೇಲೆ ಕೂತಿರುತ್ತದೆ; ವೈದ್ಯರು ಮಾಡುವ ಕ್ಲೀನಿಂಗ್‌ನಲ್ಲೇ ಹೋಗಿಬಿಡುತ್ತದೆ. ಎಷ್ಟೋ ಜನರಿಗೆ ಈ ಕ್ಲೀನಿಂಗ್ ಒಂದೇ ಸಾಕಾಗುತ್ತದೆ, ಜೆಲ್‌ನ ಅಗತ್ಯವೇ ಬೀಳುವುದಿಲ್ಲ. ಕ್ಲೀನಿಂಗ್ ಆದ ಮೇಲೂ ಉಳಿಯುವ ಬಣ್ಣ ಒಳಗಿನದು. ಅದನ್ನು ಬದಲಿಸುವ ಶಕ್ತಿ ಪೆರಾಕ್ಸೈಡ್‌ಗೆ ಇದೆ.

ಕಾರ್ಬಮೈಡ್ ಪೆರಾಕ್ಸೈಡ್ ಬಾಯಿಯ ತೇವಕ್ಕೆ ಸೋಕಿದೊಡನೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಯೂರಿಯಾ ಆಗಿ ಒಡೆಯುತ್ತದೆ. ಹೈಡ್ರೋಜನ್ ಪೆರಾಕ್ಸೈಡ್‌ನ ಅಣು ತೀರಾ ಚಿಕ್ಕದಾದ್ದರಿಂದ ಎನಾಮೆಲ್‌ನ ಸೂಕ್ಷ್ಮ ಸಂದುಗಳ ಮೂಲಕ ಡೆಂಟಿನ್‌ವರೆಗೂ ಇಳಿದು, ಅಲ್ಲಿ ಬಣ್ಣ ತೋರುವ ದೊಡ್ಡ ಸಾವಯವ ಅಣುಗಳನ್ನು ಆಕ್ಸಿಡೀಕರಿಸಿ ಬಣ್ಣ ತೋರದ ಸಣ್ಣ ಅಣುಗಳಾಗಿಸುತ್ತದೆ. ಇಲ್ಲಿ ಹಲ್ಲನ್ನು ತಿಕ್ಕುವುದೂ ಇಲ್ಲ, ಕೆರೆಯುವುದೂ ಇಲ್ಲ. ಉಪ್ಪು ಮತ್ತು ಇದ್ದಿಲ ಪುಡಿಯಿಂದ ಉಜ್ಜುವ ಹಳೆಯ ರೂಢಿಗೂ, ಈಗ ಆಕರ್ಷಕ ಡಬ್ಬಿಯಲ್ಲಿ ಬರುವ ಇದ್ದಿಲ ಟೂತ್‌ಪೇಸ್ಟ್‌ಗೂ, ಈ ಜೆಲ್‌ಗೂ ಇರುವ ವ್ಯತ್ಯಾಸ ಇದೇ. ಉಜ್ಜುವ ವಸ್ತು ಒರಟಾಗಿದ್ದಷ್ಟೂ ಎನಾಮೆಲ್ ಸವೆದು ಒಳಗಿನ ಹಳದಿ ಇನ್ನೂ ಎದ್ದು ಕಾಣುತ್ತದೆ. ನಿಂಬೆರಸ ಹಚ್ಚುವವರಂತೂ ಎನಾಮೆಲ್ಲನ್ನು ನೇರವಾಗಿ ಆಮ್ಲದಲ್ಲಿ ಕರಗಿಸುತ್ತಿರುತ್ತಾರೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ, ನಿಂಬೆರಸ ಅದಕ್ಕಿಂತ ಎಷ್ಟೋ ಪಾಲು ಹುಳಿ.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಶೇ 10ರ ಕಾರ್ಬಮೈಡ್ ಪೆರಾಕ್ಸೈಡ್‌ನಿಂದ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಶೇ 3.5 ಮಾತ್ರ. ಹಾಗೆಂದರೆ ಒಂದು ಪೆಟ್ಟಿಗೆಯ ಮೇಲೆ ಶೇ 35 ಕಾರ್ಬಮೈಡ್ ಎಂದೂ ಇನ್ನೊಂದರ ಮೇಲೆ ಶೇ 12 ಹೈಡ್ರೋಜನ್ ಎಂದೂ ಇದ್ದರೆ ಅವೆರಡರ ಬಲ ಹೆಚ್ಚುಕಡಿಮೆ ಒಂದೇ. ಯಾವ ಪೆರಾಕ್ಸೈಡ್, ಎಷ್ಟು ಪ್ರಮಾಣ ಎಂಬುದನ್ನೇ ನಮೂದಿಸದ ಜೆಲ್ಲನ್ನು, ಅದಕ್ಕೆ ಎಷ್ಟೇ ಮೆಚ್ಚುಗೆಯ ಮಾತುಗಳು ಬಂದಿರಲಿ, ಬಾಯಿಗೆ ಇಡಬಾರದೆಂಬುದು ನನ್ನ ಖಚಿತ ನಿಲುವು. ಐರೋಪ್ಯ ಒಕ್ಕೂಟ 2011ರಲ್ಲಿ ತಂದ ನಿರ್ದೇಶನದ ಪ್ರಕಾರ ಅಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಶೇ 0.1ರವರೆಗೆ ಇರುವುದನ್ನು ಮಾತ್ರ ಗ್ರಾಹಕರಿಗೆ ನೇರವಾಗಿ ಮಾರಬಹುದು. ಅದಕ್ಕಿಂತ ಹೆಚ್ಚಿನದು ಶೇ 6ರವರೆಗೆ ದಂತವೈದ್ಯರ ಮೂಲಕವೇ ಸಿಗಬೇಕು, ಮೊದಲ ಬಳಕೆ ಅವರ ಕಣ್ಗಾವಲಿನಲ್ಲೇ ಆಗಬೇಕು, 18 ತುಂಬದವರಿಗೆ ಕೊಡಕೂಡದು. ಅಂಥ ಶಿಸ್ತನ್ನು ಕಾನೂನಿಗಾಗಿ ಕಾಯದೆ ನಾವೇ ಪಾಲಿಸುವುದು ಒಳ್ಳೆಯದು.

ಶೇ 10ರ ಜೆಲ್ ಮನೆಬಳಕೆಗೆ ಬಂದ ಬಗೆಯೂ ಕುತೂಹಲದ್ದು. ಅಮೆರಿಕದ ಆರ್ಕನ್ಸಾ ರಾಜ್ಯದ ವಕ್ರದಂತ ಚಿಕಿತ್ಸಕ ಬಿಲ್ ಕ್ಲುಸ್ಮಿಯರ್ 1960ರ ದಶಕದ ಕೊನೆಯಲ್ಲಿ, ಬಾವು ಬಂದ ವಸಡಿಗೆಂದು ಇದೇ ಪ್ರಮಾಣದ ನಂಜುನಿವಾರಕವನ್ನು ರಾತ್ರಿ ಬಾಯಲ್ಲಿಡುವ ಸಾಧನದೊಳಗೆ ಹಾಕಿಕೊಳ್ಳಲು ಹೇಳುತ್ತಿದ್ದರು. ವಸಡು ವಾಸಿಯಾಗುವುದರ ಜೊತೆಗೆ ಹಲ್ಲು ತಿಳಿಯಾಗುತ್ತಿದ್ದುದು ಅವರ ಗಮನಕ್ಕೆ ಬಂತು. ಹೇವುಡ್ ಮತ್ತು ಹೇಮನ್ ಎಂಬ ವೈದ್ಯರು 1989ರಲ್ಲಿ ಈ ವಿಧಾನವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಕ್ರಮವಾಗಿ ವಿವರಿಸಿದ ಮೇಲೆ ಅದು ಜಗತ್ತಿನ ಎಲ್ಲೆಡೆ ಹರಡಿತು. ವಸಡಿನ ಔಷಧವಾಗಿ ಹುಟ್ಟಿದ್ದರಿಂದಲೇ ಈ ಪ್ರಮಾಣ ವಸಡಿಗೆ ಸೌಮ್ಯವಾಗಿದೆ.

ಇನ್ನು ಬಳಕೆಯ ವಿಚಾರ. ಮೊದಲ ಭೇಟಿಯಲ್ಲಿ ಹುಳುಕು, ಬಿರುಕು, ವಸಡಿನ ಸೋಂಕುಗಳ ಪರೀಕ್ಷೆ ಮತ್ತು ಕ್ಲೀನಿಂಗ್ ಆಗುತ್ತದೆ. ಹುಳುಕು ಇದ್ದಲ್ಲಿ ಪೆರಾಕ್ಸೈಡ್ ನರದವರೆಗೆ ನುಗ್ಗುವುದರಿಂದ ಈ ಹಂತವನ್ನು ದಾಟಿ ಮುಂದೆ ಹೋಗುವಂತೆಯೇ ಇಲ್ಲ. ಆಮೇಲೆ ವೀಟಾ ಕಂಪನಿಯ 16 ಛಾಯೆಗಳ ಪಟ್ಟಿಯನ್ನು ಹಲ್ಲಿನ ಪಕ್ಕ ಹಿಡಿದು ಈಗಿನ ಬಣ್ಣ ಯಾವುದೆಂದು ಬರೆದಿಟ್ಟುಕೊಳ್ಳುತ್ತಾರೆ. ಇದನ್ನು ಬರೀ ಶಾಸ್ತ್ರವೆಂದು ತಿಳಿಯಬಾರದು. ದಿನವೂ ಕನ್ನಡಿ ನೋಡುವವರಿಗೆ ನಿಧಾನವಾದ ಬದಲಾವಣೆ ಗೊತ್ತಾಗುವುದಿಲ್ಲ, ಆಗ ಏನೂ ಆಗಿಲ್ಲವೆಂದು ಜೆಲ್ ಹೆಚ್ಚಿಸುವ ಆಸೆ ಹುಟ್ಟುತ್ತದೆ. ಛಾಯೆಯ ದಾಖಲೆ ಆ ಅವಸರವನ್ನು ತಡೆಯುತ್ತದೆ. ಈ ಪಟ್ಟಿಯಿಂದ ಇನ್ನೊಂದು ಮುನ್ಸೂಚನೆಯೂ ಸಿಗುತ್ತದೆ: ಹಳದಿ ಮತ್ತು ತಿಳಿಗಂದು ಛಾಯೆಯ ಹಲ್ಲುಗಳು ಚೆನ್ನಾಗಿ ಬಿಳುಪಾಗುತ್ತವೆ, ಬೂದು ಛಾಯೆಯವು ಸುಲಭಕ್ಕೆ ಬಗ್ಗುವುದಿಲ್ಲ.

ಬಳಿಕ ಮೇಲಿನ ಮತ್ತು ಕೆಳಗಿನ ದವಡೆಯ ಅಚ್ಚು ತೆಗೆದು, ಅದರಿಂದ ಮಾಡಿದ ಕಲ್ಲಚ್ಚಿನ ಮೇಲೆ ತೆಳುವಾದ ಮೆದು ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಎಳೆದು ಟ್ರೇ ತಯಾರಿಸುತ್ತಾರೆ. ಒಳ್ಳೆಯ ಟ್ರೇ ಹಲ್ಲಿಗೆ ಅಂಟಿದಂತೆ ಕೂತು, ಮಾತಾಡಿದರೂ ಅಲುಗಾಡದೆ, ಎಂಜಲನ್ನು ಒಳಗೆ ಬಿಡದೆ, ಜೆಲ್ಲನ್ನು ಹೊರಗೆ ಬಿಡದೆ ಇರುತ್ತದೆ. ಎಂಜಲಿನಲ್ಲಿ ಪೆರಾಕ್ಸೈಡನ್ನು ಒಡೆಯುವ ಕಿಣ್ವಗಳಿರುವುದರಿಂದ, ಸಡಿಲವಾದ ಟ್ರೇಯಲ್ಲಿ ಜೆಲ್ ಹಲ್ಲಿನ ಮೇಲೆ ಕೆಲಸ ಮಾಡುವ ಮೊದಲೇ ನಿಷ್ಫಲವಾಗುತ್ತದೆ, ಉಳಿದದ್ದು ವಸಡಿನ ಮೇಲೆ ಹರಿಯುತ್ತದೆ. ಬಿಗಿಯಾದ ಟ್ರೇಯಲ್ಲಾದರೆ ಎರಡು ಗಂಟೆಯ ಬಳಿಕವೂ ಅರ್ಧಕ್ಕಿಂತ ಹೆಚ್ಚು ಪಾಲು ಔಷಧ ಸಕ್ರಿಯವಾಗಿ ಉಳಿದಿರುತ್ತದೆ. ರಾತ್ರಿಯಿಡೀ ಹಾಕಿಕೊಂಡು ಮಲಗುವುದಕ್ಕೆ ಅರ್ಥ ಬರುವುದು ಇದರಿಂದಲೇ. ನನ್ನ ಮೊದಲ ಟ್ರೇಯ ಅಂಚು ಕೋರೆಹಲ್ಲಿನ ಬಳಿ ವಸಡಿಗೆ ತಾಗಿ ಉರಿಯುತ್ತಿತ್ತು. ಕ್ಲಿನಿಕ್ಕಿನಲ್ಲಿ ಅಂಚನ್ನು ಕತ್ತರಿಸಿ, ನಯಗೊಳಿಸಿ ಕೊಟ್ಟ ಮೇಲೆ ತೊಂದರೆ ನಿಂತಿತು. ಮುಖತಃ ಟ್ರೇ ಕೊಡುವವರಿದ್ದರೆ ಇಂಥ ಚಿಕ್ಕ ತಿದ್ದುಪಡಿ ಸಾಧ್ಯವಾಗುತ್ತದೆ, ಪೆಟ್ಟಿಗೆಯಲ್ಲಿ ಬಂದ ಟ್ರೇಗೆ ಅದು ಸಾಧ್ಯವಿಲ್ಲ.

ಜೆಲ್ 1.2 ಮಿಲಿಲೀಟರ್‌ನ ಪುಟ್ಟ ಸಿರಿಂಜ್‌ಗಳಲ್ಲಿ ಬರುತ್ತದೆ. ಪುದೀನ ಪರಿಮಳದ ಅದು ಗಟ್ಟಿಯಾಗಿದೆ, ಅಂಟುತ್ತದೆ, ಸುಲಭವಾಗಿ ಹರಿಯುವುದಿಲ್ಲ, ಮತ್ತು ಈ ಗುಣವನ್ನು ನಾನು ಬಹಳ ಮೆಚ್ಚಿದ್ದೇನೆ. ಟ್ರೇಯ ಒಳಬದಿಯಲ್ಲಿ, ತುಟಿಯ ಕಡೆಯ ಗೋಡೆಗೆ, ಪ್ರತಿ ಹಲ್ಲಿಗೆ ಸಾಸಿವೆ ಕಾಳಿಗಿಂತ ತುಸು ದೊಡ್ಡ ಹನಿಯಷ್ಟು ಇಟ್ಟರೆ ಸಾಕು. ಟ್ರೇ ಕೂರಿಸಿದ ಮೇಲೆ ಅಂಚಿನಿಂದ ಹೊರಗೆ ಬಂದದ್ದನ್ನು ಮೆದು ಬ್ರಷ್‌ನಿಂದಲೋ ಬೆರಳಿನಿಂದಲೋ ಒರೆಸಿಬಿಡಬೇಕು. ಹೆಚ್ಚು ಹಾಕಿದರೆ ಹೆಚ್ಚು ಬಿಳುಪಾಗುವುದಿಲ್ಲ. ಹಲ್ಲಿನ ಮೇಲೆ ಹಿಡಿಯುವುದು ತೆಳು ಪದರ ಮಾತ್ರ, ಮಿಕ್ಕದ್ದು ವಸಡಿಗೂ ಗಂಟಲಿಗೂ ಹೋಗುತ್ತದೆ. ತಯಾರಕರ ಸೂಚನೆಯಂತೆ ಶೇ 10ರದ್ದನ್ನು 8ರಿಂದ 10 ಗಂಟೆ ಅಥವಾ ರಾತ್ರಿಯಿಡೀ, ಶೇ 15ರದ್ದನ್ನು 4ರಿಂದ 6 ಗಂಟೆ, ಶೇ 20ರದ್ದನ್ನು 2ರಿಂದ 4 ಗಂಟೆ ಇಟ್ಟುಕೊಳ್ಳಬಹುದು. ಅಂದರೆ ಪ್ರಬಲವಾದ ಜೆಲ್‌ನಿಂದ ಸಮಯ ಉಳಿಯುತ್ತದೆಯೇ ಹೊರತು ಕೊನೆಗೆ ತಲುಪುವ ಬಿಳುಪು ಬಹಳವೇನೂ ಬದಲಾಗುವುದಿಲ್ಲ, ಜುಮ್ಮೆನ್ನುವ ನೋವು ಮಾತ್ರ ಹೆಚ್ಚುತ್ತದೆ. ರಾತ್ರಿ ಟ್ರೇ ಇಟ್ಟುಕೊಂಡು ಮಲಗಬಲ್ಲವರಿಗೆ ಶೇ 10ಕ್ಕಿಂತ ಮೇಲೆ ಹೋಗುವ ಕಾರಣವೇ ನನಗೆ ಕಾಣುವುದಿಲ್ಲ.

ಆ ಜುಮ್ಮೆನ್ನುವ ನೋವಿನ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು, ಏಕೆಂದರೆ ಅರ್ಧದಲ್ಲೇ ಬಿಡುವವರು ಬಿಡುವುದು ಇದಕ್ಕಾಗಿಯೇ. ಪೆರಾಕ್ಸೈಡ್ ಹಲ್ಲಿನೊಳಗಿನ ಜೀವಂತ ಭಾಗವನ್ನು ತಲುಪಿ ತಾತ್ಕಾಲಿಕವಾಗಿ ಕೆರಳಿಸುತ್ತದೆ. ತಣ್ಣೀರು ಕುಡಿದಾಗ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ, ಒಂದು ಹಲ್ಲಿನಲ್ಲಿ ಚುಳ್ಳೆಂದು ಮಿಂಚುತ್ತದೆ. ನನಗೆ ಮೊದಲ ವಾರದಲ್ಲಿ ಕೆಳಗಿನ ಮುಂದಿನ ಹಲ್ಲುಗಳಲ್ಲಿ ಇದು ಸ್ಪಷ್ಟವಾಗಿ ಕಾಣಿಸಿಕೊಂಡಿತು. ಪಿಎಫ್ ಎಂಬ ಹೆಸರಿನಲ್ಲಿ ಸೂಚಿತವಾಗಿರುವ ಪೊಟ್ಯಾಸಿಯಂ ನೈಟ್ರೇಟ್ ಮತ್ತು ಫ್ಲೋರೈಡ್ ಇದನ್ನು ತಗ್ಗಿಸಲೆಂದೇ ಸೇರಿಸಿದವು. ತಗ್ಗಿಸುತ್ತವೆ, ಪೂರ್ತಿ ತಪ್ಪಿಸುವುದಿಲ್ಲ. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಬಳಸುವುದು, ಶೇ 5ರ ಪೊಟ್ಯಾಸಿಯಂ ನೈಟ್ರೇಟ್ ಇರುವ ಟೂತ್‌ಪೇಸ್ಟಿನಿಂದ ಕೆಲವು ದಿನ ಮೊದಲೇ ಉಜ್ಜತೊಡಗುವುದು, ಬಹಳ ನೊಂದಾಗ ಅದೇ ಪೇಸ್ಟನ್ನು ಖಾಲಿ ಟ್ರೇಯಲ್ಲಿ ಸವರಿ ಸ್ವಲ್ಪ ಹೊತ್ತು ಇಟ್ಟುಕೊಳ್ಳುವುದು, ಇವು ವೈದ್ಯರು ಹೇಳುವ ಉಪಾಯಗಳು. ಇವುಗಳಿಂದ ನನಗೆ ಪ್ರಯೋಜನವಾಯಿತು. ಚಿಕಿತ್ಸೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಈ ನೋವು ತಾನಾಗಿ ಹೋಗುತ್ತದೆ. ಹೋಗದಿದ್ದರೆ ಆ ಹಲ್ಲಿನಲ್ಲಿ ಬೇರೇನೋ ತೊಂದರೆಯಿದೆ ಎಂದೇ ತಿಳಿದು ತೋರಿಸಬೇಕು.

ಬಿಳುಪು ಒಂದೇ ಹದದಲ್ಲಿ ಬರುವುದಿಲ್ಲ. ಮೇಲಿನ ನಾಲ್ಕು ಮುಂಬಲ್ಲುಗಳು ಬೇಗ ತಿಳಿಯಾಗುತ್ತವೆ, ಕೋರೆಹಲ್ಲುಗಳು ದಪ್ಪವಾಗಿ ಹೆಚ್ಚು ಹಳದಿಯಾಗಿರುವುದರಿಂದ ಹಿಂದೆ ಬೀಳುತ್ತವೆ. ವಸಡಿನ ಅಂಚಿನ ಭಾಗದಲ್ಲಿ ಎನಾಮೆಲ್ ತೆಳು, ಅಲ್ಲಿನ ಹಳದಿ ಕೊನೆಯವರೆಗೂ ಸ್ವಲ್ಪ ಉಳಿಯುತ್ತದೆ. ಮೊದಲ ಕೆಲವು ದಿನ ಅಲ್ಲಲ್ಲಿ ಸುಣ್ಣದಂಥ ಬಿಳಿ ಮಚ್ಚೆಗಳು ಎದ್ದು ಕಂಡು ಹೆದರಿಸಬಹುದು. ಮೊದಲೇ ಇದ್ದ ಮಚ್ಚೆಗಳು ಹಲ್ಲು ತೇವ ಕಳೆದುಕೊಂಡಾಗ ಹಾಗೆ ಕಾಣುತ್ತವೆ, ಸುತ್ತಲಿನ ಹಲ್ಲೂ ಬಿಳುಪಾದಂತೆ ಅವುಗಳ ಎದ್ದುಕಾಣುವಿಕೆ ತಗ್ಗುತ್ತದೆ. ಇದೇ ಕಾರಣಕ್ಕೆ ಚಿಕಿತ್ಸೆ ಮುಗಿದ ದಿನದ ಬಿಳುಪನ್ನು ನಂಬಬಾರದು. ಒಂದೆರಡು ವಾರದಲ್ಲಿ ಹಲ್ಲು ಮತ್ತೆ ನೀರು ಹೀರಿಕೊಂಡು ಬಣ್ಣ ತುಸು ಹಿಂದಕ್ಕೆ ಬಂದು ನೆಲೆಗೊಳ್ಳುತ್ತದೆ. ನಿಜವಾದ ಫಲಿತಾಂಶ ಅದು. ನನ್ನ ಹಲ್ಲು ಜಾಹೀರಾತಿನ ಹೊಳಪಿಗೆ ಹೋಗಲಿಲ್ಲ, ಆದರೆ ಛಾಯಾಪಟ್ಟಿಯ ಪಕ್ಕ ಹಿಡಿದಾಗ ವ್ಯತ್ಯಾಸ ಅನುಮಾನಕ್ಕೆ ಎಡೆಯಿಲ್ಲದಷ್ಟಿತ್ತು, ಮತ್ತು ಅದು ಸ್ವಾಭಾವಿಕವಾದ ಹಲ್ಲಿನ ಬಣ್ಣವೇ ಆಗಿತ್ತು. ನನಗೆ ಬೇಕಾಗಿದ್ದುದೂ ಅಷ್ಟೇ.

ಬದಲಿ ಆಯ್ಕೆಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ನೀಲಿ ಎಲ್‌ಇಡಿ ದೀಪದ ಜೊತೆ ಬರುವ ಆನ್‌ಲೈನ್ ಕಿಟ್ಟುಗಳಲ್ಲಿ ಎಲ್ಲರ ಬಾಯಿಗೂ ಒಂದೇ ಅಳತೆಯ ರಬ್ಬರ್ ಟ್ರೇ ಇರುತ್ತದೆ, ಅದು ಜೆಲ್ಲನ್ನು ಹಿಡಿದಿಡುವುದಿಲ್ಲ. ಆ ಪುಟ್ಟ ದೀಪದಿಂದ ದೀರ್ಘಾವಧಿಯಲ್ಲಿ ಹೆಚ್ಚುವರಿ ಬಿಳುಪು ಬರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ನೇರಳೆ ಬಣ್ಣದ ಸೀರಮ್‌ಗಳು ಹಳದಿಗೆ ವಿರುದ್ಧವಾದ ಬಣ್ಣವನ್ನು ಮೇಲೆ ಲೇಪಿಸಿ ಕಣ್ಣಿಗೆ ಹಳದಿ ಕಾಣದಂತೆ ಮಾಡುತ್ತವೆ, ಊಟವಾಗುವಷ್ಟರಲ್ಲಿ ಆ ಲೇಪ ಹೋಗಿರುತ್ತದೆ. ಕ್ಲಿನಿಕ್ಕಿನ ಕುರ್ಚಿಯಲ್ಲೇ ಶೇ 25ರಿಂದ 40ರ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಒಂದೇ ಕೂರಿಕೆಯಲ್ಲಿ ಮಾಡುವ ಚಿಕಿತ್ಸೆ ನಿಜವಾಗಿಯೂ ಕೆಲಸ ಮಾಡುತ್ತದೆ. ಮದುವೆ ಹತ್ತಿರ ಬಂದಿರುವವರಿಗೆ ಅದು ಅನುಕೂಲ. ಆದರೆ ಖರ್ಚು ಹೆಚ್ಚು, ನೋವು ಹೆಚ್ಚು, ವಸಡನ್ನು ಪೂರ್ತಿ ಮುಚ್ಚಿ ರಕ್ಷಿಸಬೇಕಾಗುತ್ತದೆ, ಮತ್ತು ಕೆಲವು ತಿಂಗಳ ಬಳಿಕ ನೋಡಿದರೆ ಫಲಿತಾಂಶ ಟ್ರೇಯ ವಿಧಾನಕ್ಕಿಂತ ಮೇಲೇನೂ ಇರುವುದಿಲ್ಲ.

ಕರ್ನಾಟಕದ ಓದುಗರಿಗೆ ನಾನು ವಿಶೇಷವಾಗಿ ಹೇಳಬೇಕಾದದ್ದು ಫ್ಲೋರೋಸಿಸ್ ಬಗ್ಗೆ, ಅಂದರೆ ಅತಿಯಾದ ಫ್ಲೋರೈಡ್‌ನಿಂದ ಹಲ್ಲಿನಲ್ಲಿ ಮೂಡುವ ಕಲೆಗಳ ಬಗ್ಗೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಗದಗ ಜಿಲ್ಲೆಯ ಮುಂಡರಗಿ, ಕೊಪ್ಪಳ, ರಾಯಚೂರು ಮೊದಲಾದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿರುವ ಊರುಗಳು ಬಹಳ. ಕುಡಿಯುವ ನೀರಿನ ಭಾರತೀಯ ಮಾನದಂಡ ಲೀಟರಿಗೆ 1 ಮಿಲಿಗ್ರಾಂ ಎಂದಿದೆ, ಬೇರೆ ಮೂಲವೇ ಇಲ್ಲದಾಗ 1.5ರವರೆಗೆ ಒಪ್ಪುತ್ತದೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುವ ಎಳೆಯ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚಿನ ಫ್ಲೋರೈಡ್ ದೇಹಕ್ಕೆ ಹೋದರೆ ಎನಾಮೆಲ್ ಸರಿಯಾಗಿ ಗಟ್ಟಿಯಾಗದೆ, ರಂಧ್ರಮಯವಾಗಿ ಉಳಿಯುತ್ತದೆ. ಹಲ್ಲು ಹುಟ್ಟಿದ ಮೇಲೆ ಆ ರಂಧ್ರಗಳಿಗೆ ಆಹಾರದ ಬಣ್ಣ ಇಳಿದು ಕಂದು ಪಟ್ಟೆಗಳಾಗುತ್ತವೆ. ಆ ಊರುಗಳಿಂದ ಓದಲು, ಕೆಲಸ ಮಾಡಲು ಬೆಂಗಳೂರಿಗೆ ಬಂದ ಯುವಕ ಯುವತಿಯರು ನಗುವಾಗ ಕೈ ಅಡ್ಡ ಹಿಡಿಯುವುದನ್ನು ನಾನು ನೋಡಿದ್ದೇನೆ, ಜೆಲ್‌ನ ಜಾಹೀರಾತು ಹೆಚ್ಚು ಆಸೆ ಹುಟ್ಟಿಸುವುದೂ ಇವರಲ್ಲೇ. ಅವರು ತಿಳಿಯಬೇಕಾದ ಮೊದಲ ಮಾತು, ಆ ಕಂದು ಬಣ್ಣ ಹಲ್ಲುಜ್ಜದಿದ್ದುದರಿಂದ ಬಂದದ್ದಲ್ಲ, ಅದರಲ್ಲಿ ಅವರ ತಪ್ಪು ಏನೂ ಇಲ್ಲ. ಎರಡನೆಯದು, ಜೆಲ್ ಒಂದರಿಂದಲೇ ಅದು ಹೋಗುವುದಿಲ್ಲ. ಸೌಮ್ಯ ಫ್ಲೋರೋಸಿಸ್‌ನಲ್ಲಿ ಕಂದು ಬಣ್ಣ ತಿಳಿಯಾಗಬಹುದು, ಆದರೆ ಸುಣ್ಣದ ಬಿಳಿಯ ಮಚ್ಚೆಗಳು ಹಾಗೆಯೇ ಉಳಿಯುತ್ತವೆ, ಆರಂಭದಲ್ಲಿ ಇನ್ನೂ ಹೆಚ್ಚು ಕಾಣುತ್ತವೆ. ಮೇಲ್ಪದರವನ್ನು ಅತಿ ತೆಳುವಾಗಿ ಆಮ್ಲ ಮತ್ತು ಪುಡಿಯಿಂದ ಉಜ್ಜಿ ತೆಗೆಯುವ ಮೈಕ್ರೋಅಬ್ರೇಶನ್, ರಂಧ್ರಗಳಿಗೆ ರಾಳ ತುಂಬುವ ವಿಧಾನ, ತೀವ್ರವಾಗಿದ್ದರೆ ಹಲ್ಲಿನ ಮುಂಭಾಗಕ್ಕೆ ಹೊದಿಕೆ, ಇವುಗಳಲ್ಲಿ ಯಾವುದನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ನೋಡಿಯೇ ಹೇಳಬೇಕು. ಖಾಸಗಿ ಕ್ಲಿನಿಕ್ಕಿನ ಖರ್ಚು ಭರಿಸಲಾಗದವರು ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಅಥವಾ ತಮ್ಮ ಸಮೀಪದ ಯಾವುದೇ ದಂತ ಕಾಲೇಜಿನ ಹೊರರೋಗಿ ವಿಭಾಗಕ್ಕೆ ಹೋಗಿ ತೋರಿಸಬಹುದು. ಇಂಥ ಹಲ್ಲಿಗೆ ಹೆಸರಿಲ್ಲದ ಜೆಲ್ ತರಿಸಿ ಹಚ್ಚುವುದಕ್ಕಿಂತ ಅದು ಎಷ್ಟೋ ಮೇಲು.

ಬಾಲ್ಯದಲ್ಲಿ ಟೆಟ್ರಾಸೈಕ್ಲಿನ್ ಔಷಧದಿಂದ ಬೂದು ಪಟ್ಟೆ ಬಿದ್ದ ಹಲ್ಲಿಗೂ ವಾರಗಳು ಸಾಲುವುದಿಲ್ಲ, ತಿಂಗಳುಗಟ್ಟಲೆ ಬೇಕಾಗುತ್ತದೆ, ಅಷ್ಟಾದರೂ ವಸಡಿನ ಬಳಿಯ ಬೂದು ಹೋಗುತ್ತದೆಂಬ ಭರವಸೆ ಇಲ್ಲ. ಕ್ಯಾಪ್, ಸೇತುವೆ ಹಲ್ಲು, ಹಲ್ಲಿನ ಬಣ್ಣದ ಫಿಲ್ಲಿಂಗ್‌ಗಳು ಯಾವ ಜೆಲ್‌ಗೂ ಬಿಳುಪಾಗುವುದಿಲ್ಲ. ಮುಂಬಲ್ಲಿನಲ್ಲಿ ಹಳೆಯ ಫಿಲ್ಲಿಂಗ್ ಇರುವವರು ಬಿಳುಪಾದ ಮೇಲೆ ಅದನ್ನು ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊಸ ಫಿಲ್ಲಿಂಗ್‌ಗೆ ಕನಿಷ್ಠ ಎರಡು ವಾರ ಕಾಯಬೇಕು, ಏಕೆಂದರೆ ಹಲ್ಲಿನಲ್ಲಿ ಉಳಿದ ಆಮ್ಲಜನಕ ಅದರ ಹಿಡಿತವನ್ನು ದುರ್ಬಲಗೊಳಿಸುತ್ತದೆ. ಗರ್ಭಿಣಿಯರು, ಎದೆಹಾಲುಣಿಸುವವರು ಇದನ್ನು ಮುಂದೂಡುವುದೇ ಸರಿ.

ಕಾಫಿ ಬಿಡಬೇಕೆ ಎಂಬುದು ನಮ್ಮಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಬಿಳಿ ಆಹಾರವನ್ನೇ ತಿನ್ನಬೇಕೆಂದು ಕಟ್ಟುನಿಟ್ಟಾಗಿ ಹೇಳುವ ವೈದ್ಯರಿದ್ದಾರೆ, ಅಷ್ಟೇನೂ ಬೇಕಿಲ್ಲ ಎನ್ನುವವರೂ ಇದ್ದಾರೆ. ನಾನು ಬೆಳಗಿನ ಫಿಲ್ಟರ್ ಕಾಫಿಯನ್ನು ಬಿಡಲಿಲ್ಲ. ಟ್ರೇ ತೆಗೆದೊಡನೆ ಕುಡಿಯದೆ ಸ್ವಲ್ಪ ಹೊತ್ತು ತಡೆದು, ಕುಡಿದ ಮೇಲೆ ಬಾಯಿ ಮುಕ್ಕಳಿಸಿದೆ, ಅರಿಸಿನ ಹೆಚ್ಚಿರುವ ಪದಾರ್ಥಗಳಲ್ಲೂ ಅದೇ ಎಚ್ಚರ ವಹಿಸಿದೆ. ಆದರೆ ತಂಬಾಕು ಮತ್ತು ಗುಟ್ಕಾ ಬಿಡದವರು ಈ ಚಿಕಿತ್ಸೆಗೆ ಹಣ ಹಾಕುವುದು ಬೇಡ. ಅವರ ಬಾಯಿಗೆ ಮೊದಲು ಬೇಕಾದ ಪರೀಕ್ಷೆ ಬೇರೆಯದು.

ವೆಚ್ಚದಲ್ಲಿ ದೊಡ್ಡ ಪಾಲು ಮೊದಲ ಸಲದ ಟ್ರೇಗೆ ಮತ್ತು ತಪಾಸಣೆಗೆ ಹೋಗುತ್ತದೆ. ಟ್ರೇಯನ್ನು ಬಿಸಿನೀರಿನಲ್ಲಿ ತೊಳೆಯದೆ, ತಣ್ಣೀರಿನಲ್ಲಿ ಮೆದು ಬ್ರಷ್ ಹಚ್ಚಿ ತೊಳೆದು ಡಬ್ಬಿಯಲ್ಲಿಟ್ಟರೆ ವರ್ಷಗಟ್ಟಲೆ ಬರುತ್ತದೆ, ಆಮೇಲೆ ಬಣ್ಣ ಮಂಕಾದಾಗ ಒಂದು ಸಿರಿಂಜ್ ಮಾತ್ರ ಕೊಂಡು ಕೆಲವು ರಾತ್ರಿ ಬಳಸಿದರೆ ಸಾಕಾಗುತ್ತದೆ. ಉಳಿದ ಸಿರಿಂಜ್‌ಗಳನ್ನು ಫ್ರಿಜ್‌ನಲ್ಲಿಡಬೇಕು, ಶಾಖಕ್ಕೆ ಪೆರಾಕ್ಸೈಡ್ ತಾನಾಗಿ ಒಡೆದು ಬಲ ಕಳೆದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಗೋ ಬಳ್ಳಾರಿಗೋ ಕೊರಿಯರ್‌ನಲ್ಲಿ ಬರುವ ಜೆಲ್ ದಾರಿಯಲ್ಲಿ ಎಷ್ಟು ಬಿಸಿಲು ಕಂಡಿದೆಯೆಂದು ಕೊಳ್ಳುವವರಿಗೆ ತಿಳಿಯುವಂತಿಲ್ಲವಾದ್ದರಿಂದ, ಬೇಸಿಗೆಯಲ್ಲಂತೂ ಕ್ಲಿನಿಕ್ಕಿನ ಫ್ರಿಜ್‌ನಿಂದಲೇ, ಸಿರಿಂಜಿನ ಮೇಲಿನ ಅವಧಿಯ ದಿನಾಂಕ ನೋಡಿ, ಪಡೆದುಕೊಳ್ಳುವುದು ಲೇಸು.